ಗುಡ್ಡಗಾಡು ಸೈಕಲ್ ಸವಾರಿ: ಬೇಗೂರು–ಗುಂಡ್ಲುಪೇಟೆ ಪ್ರದೇಶ

ಗುಡ್ಡಗಾಡು ಸೈಕಲ್ ಸವಾರಿ ಎಂದರೆ ಡಾಂಬರು ರಸ್ತೆ ಬಿಟ್ಟು, ಮಣ್ಣು, ಗರಸು, ಮರಳು, ಬಂಡೆಗಳಿಂದ ಕೂಡಿದ ಏರಿಳಿತದ ದಾರಿಗಳಲ್ಲಿ ಅಗಲ ಟಯರಿನ ಗಟ್ಟಿ ಸೈಕಲ್ ತುಳಿಯುವ ಹವ್ಯಾಸ ಮತ್ತು ಕ್ರೀಡೆ. ಸವಾರರ ಬಾಯಲ್ಲಿ ಇದು ಮೌಂಟನ್ ಬೈಕಿಂಗ್ ಅಥವಾ ಎಂಟಿಬಿ. ಹಳ್ಳಿಗಳಲ್ಲಿ ಈ ಸೈಕಲ್ಲಿಗೆ ಗೇರ್ ಸೈಕಲ್ ಎನ್ನುತ್ತಾರೆ. ಈ ಲೇಖನದಲ್ಲಿ ‘ಜಾಡು’ ಎಂಬುದನ್ನು ಡಾಂಬರಿಲ್ಲದ, ಸೈಕಲ್ ಹೋಗಬಹುದಾದ ಯಾವುದೇ ದಾರಿಗೆ ಬಳಸಿದೆ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು ಹೋಬಳಿ ಮತ್ತು ಅದರ ಆಸುಪಾಸು ಈ ಲೇಖನದ ವ್ಯಾಪ್ತಿ. ಬೆಂಗಳೂರಿನ ಬೇಗೂರು ಬೇರೆ. ಬಂಡೀಪುರ ಹುಲಿ ಯೋಜನೆಯ ವಲಯಗಳಲ್ಲೊಂದಾದ ಎನ್. ಬೇಗೂರು ಹೆಗ್ಗಡದೇವನಕೋಟೆ ಕಡೆಯದು. ಈ ಎರಡನೆಯ ಹೆಸರನ್ನು ಗುಂಡ್ಲುಪೇಟೆಯ ಬೇಗೂರೆಂದು ತಿಳಿದು ನಕ್ಷೆ ನೋಡುವವರು ನೇರ ಕಾಡಿನೊಳಕ್ಕೆ ಹೋಗಿಬಿಡುತ್ತಾರಾದ್ದರಿಂದ ಈ ವ್ಯತ್ಯಾಸ ಮುಖ್ಯ.

ಉಗಮ

ಸೈಕಲ್ಲನ್ನು ಒರಟು ನೆಲದ ಮೇಲೆ ಓಡಿಸುವುದು ಸೈಕಲ್ಲಿನಷ್ಟೇ ಹಳೆಯದು. ಆರಂಭದ ಕಾಲಕ್ಕೆ ಒಳ್ಳೆಯ ರಸ್ತೆಗಳೇ ಇರಲಿಲ್ಲ. 1896ರಲ್ಲಿ ಅಮೆರಿಕದ ಸೈನ್ಯದ 25ನೆಯ ಪದಾತಿದಳ ಮೊಂಟಾನಾದ ಬೆಟ್ಟಗಾಡಿನಲ್ಲಿ ಸೈಕಲ್ ತುಕಡಿಯ ಪ್ರಯೋಗ ನಡೆಸಿತು. 1955ರಲ್ಲಿ ಬ್ರಿಟನ್ನಿನಲ್ಲಿ ಕಚ್ಚಾದಾರಿಯ ಸವಾರರ ಸಂಘವೊಂದು ಹುಟ್ಟಿತು. ಇಂದಿನ ರೂಪದ ಕ್ರೀಡೆ ಮಾತ್ರ 1970ರ ದಶಕದ ಕ್ಯಾಲಿಫೋರ್ನಿಯಾದ್ದು. ಮರೀನ್ ಕೌಂಟಿಯ ಯುವಕರು 1930–40ರ ದಶಕಗಳ ದಪ್ಪ ಟಯರಿನ ಹಳೆಯ ಸೈಕಲ್ಲುಗಳನ್ನು ಕೊಂಡು, ಬೇಡವಾದ ಭಾಗಗಳನ್ನು ಕಳಚಿ, ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸತೊಡಗಿದರು. 1976ರಲ್ಲಿ ಅವರು ಆರಂಭಿಸಿದ ಇಳಿಜಾರು ಓಟಕ್ಕೆ ‘ರೀಪ್ಯಾಕ್’ ಎಂದು ಹೆಸರಾಯಿತು. ಒಂದೇ ಇಳಿತದಲ್ಲಿ ಹಿಂದಿನ ಹಬ್ ಬ್ರೇಕು ಕಾದು ಗ್ರೀಸೆಲ್ಲ ಸುಟ್ಟುಹೋಗುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು.

ಜೋ ಬ್ರೀಜ್ 1977ರಲ್ಲಿ ಈ ಉದ್ದೇಶಕ್ಕಾಗಿಯೇ ಹೊಸ ಚೌಕಟ್ಟು ಕಟ್ಟಿದರು. ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ 1979ರಲ್ಲಿ ಟಾಮ್ ರಿಚಿಯ ಚೌಕಟ್ಟುಗಳನ್ನು ಬಳಸಿ ಮಾರಾಟಕ್ಕಿಳಿದರು. 1981ರಲ್ಲಿ ಬಂದ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಮಾದರಿ. ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ 1990ರಲ್ಲಿ ಕೊಲರಾಡೋದ ಡುರಾಂಗೋದಲ್ಲಿ ನಡೆಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಕ್ರಾಸ್‌ಕಂಟ್ರಿ ವಿಭಾಗ ಸೇರಿತು.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದ ಹಳ್ಳಿಗಳಲ್ಲಿ ಕಚ್ಚಾದಾರಿಯ ಸವಾರಿ ಹವ್ಯಾಸವಾಗುವ ಬಹಳ ಮೊದಲೇ ದಿನನಿತ್ಯದ ಕೆಲಸವಾಗಿತ್ತು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಸಂತೆಯ ಚೀಲ ಹೊತ್ತ ಹರ್ಕ್ಯುಲಿಸ್, ಅಟ್ಲಾಸ್, ಹೀರೋ ಸೈಕಲ್ಲುಗಳು ಇಂದಿನ ಸವಾರರು ಹುಡುಕಿಕೊಂಡು ಬರುವ ದಾರಿಗಳಲ್ಲೇ ಓಡಾಡಿವೆ. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದ ಮೇಲೆ ಹಳ್ಳಿಯ ಹುಡುಗಿಯರೂ ದೊಡ್ಡ ಸಂಖ್ಯೆಯಲ್ಲಿ ಸೈಕಲ್ ಹತ್ತಿದರು. ಗುಡ್ಡಗಾಡು ಸವಾರಿಯ ಇತಿಹಾಸ ಬರೆಯುವವರು ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಹಲವು ಗೇರುಗಳ, ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗ್ ಇರುವ ಸೈಕಲ್ಲುಗಳು ನಗರಗಳ ಅಂಗಡಿಗಳಲ್ಲಿ ಧಾರಾಳವಾಗಿ ಸಿಗತೊಡಗಿದ್ದು 2000ದ ದಶಕದ ನಡುಭಾಗದಿಂದ ಈಚೆಗೆ. ಬೆಂಗಳೂರಿನಲ್ಲಿ ತುರಹಳ್ಳಿ ಕಾಡು ಮತ್ತು ಯಲಹಂಕದಾಚೆಯ ಅವಲಹಳ್ಳಿ ಕಾಡು ಅಭ್ಯಾಸದ ನೆಲೆಗಳಾದವು. ರಸ್ತೆ ಸೈಕ್ಲಿಂಗಿನಲ್ಲಿ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳದು ಹಳೆಯ ಹೆಸರು. ಗುಡ್ಡಗಾಡು ವಿಭಾಗದ ರಾಷ್ಟ್ರೀಯ ಚಾಂಪಿಯನ್‌ಶಿಪ್ 2021ರಲ್ಲಿ ಗದಗದಲ್ಲಿ ನಡೆಯಿತು. ನೆರೆಯ ಕೇರಳದ ಪೊನ್ಮುಡಿ 2023ರ ಅಕ್ಟೋಬರಿನಲ್ಲಿ ಏಷ್ಯನ್ ಚಾಂಪಿಯನ್‌ಶಿಪ್‌ಗೆ ಆತಿಥ್ಯ ವಹಿಸಿತು.

ಗುಂಡ್ಲುಪೇಟೆಯ ಹೆಸರು ಸೈಕಲ್ ಸವಾರರಿಗೆ ಪರಿಚಿತವಾದದ್ದು ಮುಖ್ಯವಾಗಿ ಡಾಂಬರಿನ ಮೂಲಕ. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಎಂಬ ವಾರ್ಷಿಕ ದೂರಸವಾರಿ ಮೈಸೂರು, ಬಂಡೀಪುರ, ಊಟಿಗಳ ದಿಕ್ಕನ್ನು ಜನಪ್ರಿಯಗೊಳಿಸಿತು. ಹೆದ್ದಾರಿಯಿಂದ ಎಡಕ್ಕೋ ಬಲಕ್ಕೋ ಹೊರಳಿ ಹೊಲದ ದಾರಿ ಹಿಡಿಯುವುದು ಅನಂತರದ ಬೆಳವಣಿಗೆ.

ಪ್ರದೇಶದ ಸ್ವರೂಪ

ಬೇಗೂರು ರಾಷ್ಟ್ರೀಯ ಹೆದ್ದಾರಿ 766ರಲ್ಲಿ ನಂಜನಗೂಡು ಮತ್ತು ಗುಂಡ್ಲುಪೇಟೆಗಳ ಸುಮಾರು ನಡುವೆ ಇದೆ. ಕಲ್ಲಿಕೋಟೆಯಿಂದ ಮೈಸೂರಿನ ಮೂಲಕ ಕೊಳ್ಳೇಗಾಲಕ್ಕೆ ಹೋಗುವ ಈ ಹೆದ್ದಾರಿಗೆ ಹಿಂದೆ 212 ಎಂಬ ಸಂಖ್ಯೆ ಇತ್ತು. ಕಸಬಾ, ಬೇಗೂರು, ಹಂಗಳ, ತೆರಕಣಾಂಬಿ ಗುಂಡ್ಲುಪೇಟೆ ತಾಲ್ಲೂಕಿನ ಹೋಬಳಿಗಳು. ತಾಲ್ಲೂಕಿನ ನೆಲ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಅಲೆಅಲೆಯಾದ ಪ್ರಸ್ಥಭೂಮಿ. ನಡುನಡುವೆ ಗ್ರಾನೈಟ್ ಮತ್ತು ಗ್ನೈಸ್ ಶಿಲೆಯ ಬೋಳುಗುಡ್ಡಗಳಿವೆ. ಗುಂಡ್ಲು ಹೊಳೆ ಉತ್ತರಕ್ಕೆ ಹರಿದು ನಂಜನಗೂಡಿನ ಬಳಿ ಕಬಿನಿಯನ್ನು ಸೇರುತ್ತದೆ. ತಾಲ್ಲೂಕನ್ನು ಪಶ್ಚಿಮ, ದಕ್ಷಿಣ ಮತ್ತು ಆಗ್ನೇಯದಿಂದ ಬಂಡೀಪುರದ ಕಾಡು ಸುತ್ತುವರಿದಿದೆ. ತಾಲ್ಲೂಕಿನ ಎತ್ತರದ ನೆತ್ತಿ ಹಿಮವದ್ ಗೋಪಾಲಸ್ವಾಮಿ ಬೆಟ್ಟ, 1,454 ಮೀಟರ್.

ಇಲ್ಲಿನ ಸವಾರಿಯ ಗುಣವನ್ನು ತೀರ್ಮಾನಿಸುವುದು ಈ ಕಾಡಿನ ಗಡಿಯೇ. ಎತ್ತರದ ಬೆಟ್ಟ, ದಟ್ಟ ಮರ, ತೊರೆ ಎಲ್ಲವೂ ಗಡಿಯ ಆಚೆಗಿವೆ, ಅಲ್ಲಿಗೆ ಸೈಕಲ್ಲಿಗೆ ಪ್ರವೇಶವಿಲ್ಲ. ಈಚೆಗೆ ಉಳಿಯುವುದು ಹೊಲ, ಕೆರೆ, ಗೋಮಾಳ, ಕುರುಚಲು ಗುಡ್ಡ. ಹೆಸರಿನಲ್ಲಿ ಗುಡ್ಡವಿದ್ದರೂ ಬೇಗೂರಿನ ಸವಾರರು ಬಹುಪಾಲು ತುಳಿಯುವುದು ರೈತರ ದಾರಿಯನ್ನು.

ಜಾಡುಗಳ ಬಗೆ

ಯೂರೋಪ್ ಅಮೆರಿಕಗಳಲ್ಲಿರುವಂತೆ ಸೈಕಲ್ಲಿಗೆಂದೇ ಕಡಿದು, ಫಲಕ ನೆಟ್ಟ ಜಾಡುಗಳು ಇವಲ್ಲ. ಪ್ರತಿಯೊಂದಕ್ಕೂ ಬೇರೊಂದು ಮೂಲ ಉದ್ದೇಶವಿದೆ, ಆ ಉದ್ದೇಶವೇ ಅದರ ಅಗಲ, ಇಳಿಜಾರು, ತಿರುವುಗಳನ್ನು ರೂಪಿಸಿದೆ.

ಗಾಡಿದಾರಿ ಎಲ್ಲಕ್ಕಿಂತ ಹೆಚ್ಚು. ಎತ್ತಿನ ಗಾಡಿಯ ಎರಡು ಚಕ್ರಗಳು ಕೊರೆದ ಗೆರೆಗಳ ನಡುವೆ ಹುಲ್ಲಿನ ದಿಂಡು ಉಳಿಯುತ್ತದೆ. ಸವಾರ ಒಂದು ಗೆರೆಯನ್ನು ಹಿಡಿದು ಸಾಗಬೇಕು, ಗೆರೆ ಬದಲಿಸುವಾಗ ಮುಂದಿನ ಚಕ್ರ ದಿಂಡಿಗೆ ಸಿಕ್ಕಿ ಜಾರುವುದುಂಟು. ಈಗ ಟ್ರ್ಯಾಕ್ಟರುಗಳು ಈ ಗೆರೆಗಳನ್ನು ಅಗಲಿಸಿವೆ, ಮಳೆಗಾಲದಲ್ಲಿ ಆಳವಾಗಿಸಿವೆ. ಓಣಿ ಎಂದರೆ ಎರಡು ಬದಿ ಬೇಲಿ ಅಥವಾ ಮಣ್ಣಿನ ದಿಬ್ಬ ಇರುವ ತಗ್ಗಿನ ದಾರಿ. ನೆರಳು ಹೆಚ್ಚು, ನೋಟ ಕಡಿಮೆ. ತಿರುವಿನಾಚೆ ದನದ ಹಿಂಡು ಎದುರಾಗುವುದು ಸಾಮಾನ್ಯವಾದ್ದರಿಂದ ಇಲ್ಲಿ ಗಂಟೆ ಅಲಂಕಾರವಲ್ಲ. ಕಾಲುದಾರಿ ಒಬ್ಬರೇ ನಡೆಯುವಷ್ಟು ಕಿರಿದು. ಗುಡ್ಡದ ದೇವಸ್ಥಾನಕ್ಕೋ ಕುರಿ ಮೇಯುವ ಬೋರೆಗೋ ಏರುತ್ತದೆ. ಸವಾರರು ಸಿಂಗಲ್ ಟ್ರ್ಯಾಕ್ ಎನ್ನುವುದು ಇದಕ್ಕೆ. ಕೌಶಲಕ್ಕೆ ನಿಜವಾದ ಪರೀಕ್ಷೆ ನಡೆಯುವುದೂ ಇಲ್ಲೇ.

ಕೆರೆ ಏರಿ ಸಮತಟ್ಟಾದ, ಎರಡೂ ಕಡೆ ನೋಟ ತೆರೆದಿರುವ ದಾರಿ. ದಶಕಗಳ ಕಾಲ ಒಣಗಿದ್ದ ಅನೇಕ ಕೆರೆಗಳಿಗೆ ಕಬಿನಿಯ ನೀರನ್ನು ಎತ್ತಿ ತುಂಬಿಸುವ ಆಲಂಬೂರು ಏತ ನೀರಾವರಿ ಯೋಜನೆ ಬಂದ ಮೇಲೆ ನಂಜನಗೂಡು, ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಏರಿಗಳ ನೋಟವೇ ಬದಲಾಗಿದೆ. ನೀರು ನಿಂತ ಕಡೆ ಹಕ್ಕಿಗಳೂ ನಿಂತಿವೆ.

ಗಣಿದಾರಿ ಐದನೆಯ ಬಗೆ. ಹಿರೀಕಾಟಿ ಸುತ್ತಲಿನ ಬಿಳಿಕಲ್ಲಿನ ಕ್ವಾರಿಗಳಿಗೆ ಹೋಗುವ ಜಲ್ಲಿದಾರಿಗಳು ಅಗಲವಾಗಿವೆ, ಏರು ಚೆನ್ನಾಗಿದೆ, ಆದರೆ ಟಿಪ್ಪರ್ ಲಾರಿ ಮತ್ತು ದೂಳು ಇವನ್ನು ಸವಾರಿಗೆ ಅಯೋಗ್ಯವಾಗಿಸಿವೆ. 2022ರ ಮಾರ್ಚಿನಲ್ಲಿ ಗುಂಡ್ಲುಪೇಟೆ ಬಳಿಯ ಮಡಹಳ್ಳಿ ಗುಡ್ಡದ ಕ್ವಾರಿ ಕುಸಿದು ಕಾರ್ಮಿಕರು ಸತ್ತರು. ಕೆಲಸ ನಿಂತ ಕ್ವಾರಿಯ ಅಂಚೂ ಸುರಕ್ಷಿತವಲ್ಲ.

ನೆಲದ ಗುಣ

ಕೆಂಪುಮಣ್ಣು, ಗರಸು, ಎರೆಮಣ್ಣು ಮೂರೂ ಈ ಪ್ರದೇಶದಲ್ಲಿ ಪಕ್ಕಪಕ್ಕದಲ್ಲೇ ಸಿಗುತ್ತವೆ. ಕೆಂಪುಮಣ್ಣು ಮಳೆ ನಿಂತ ಕೆಲವೇ ಗಂಟೆಗಳಲ್ಲಿ ನೀರು ಇಂಗಿಸಿಕೊಂಡು ಗಟ್ಟಿಯಾಗುತ್ತದೆ; ಆಗಿನ ಹಿಡಿತಕ್ಕೆ ಸಮನಾದದ್ದು ಬೇರೆ ಯಾವ ನೆಲದಲ್ಲೂ ಇಲ್ಲ. ಬೇಸಿಗೆಯಲ್ಲಿ ಅದೇ ಮಣ್ಣು ಹುಡಿಯಾಗಿ ತಿರುವಿನಲ್ಲಿ ಜಾರುತ್ತದೆ. ಗರಸು ನೆಲದ ಸಣ್ಣ ಹರಳುಗಳು ಇಳಿಜಾರಿನಲ್ಲಿ ಚಕ್ರದ ಕೆಳಗೆ ಉರುಳುತ್ತವೆ, ಮುಂದಿನ ಬ್ರೇಕು ಥಟ್ಟನೆ ಹಿಡಿದರೆ ಬೀಳುವುದು ಖಚಿತ. ಎರೆಮಣ್ಣು ಒಣಗಿದಾಗ ಬಿರುಕು ಬಿಟ್ಟ ಕಲ್ಲು, ನೆನೆದಾಗ ಅಂಟು. ಟಯರಿಗೆ ಹತ್ತಿ, ಫೋರ್ಕಿನ ಸಂದಿನಲ್ಲಿ ಹೆಂಟೆಗಟ್ಟಿ, ಕೊನೆಗೆ ಚಕ್ರ ತಿರುಗುವುದೇ ನಿಲ್ಲುತ್ತದೆ. ಆಮೇಲೆ ಸೈಕಲ್ಲನ್ನು ಹೊತ್ತು ನಡೆಯಬೇಕು. ಮಳೆಯ ಮಾರನೆಯ ದಿನ ಯಾವ ಕಡೆ ಹೋಗಬೇಕೆಂಬುದನ್ನು ಬೇಗೂರಿನಲ್ಲಿ ದೂರಕ್ಕಿಂತ ಮಣ್ಣಿನ ಬಣ್ಣವೇ ಹೇಳುತ್ತದೆ.

ಮುಳ್ಳು ಇಲ್ಲಿನ ದೊಡ್ಡ ತೊಡಕು. ಬೇಲಿಗೆ ಕಡಿದು ಹಾಕಿದ ಜಾಲಿ, ಕಗ್ಗಲಿ ಕೊಂಬೆಗಳ ಚೂರು ದಾರಿಯಲ್ಲಿ ಬಿದ್ದಿರುತ್ತವೆ. ನೆಲಕ್ಕೆ ಅಂಟಿ ಹರಡುವ ನೆಗ್ಗಿಲು ಗಿಡದ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ.

ಸೈಕಲ್ಲಿನ ರಚನೆ

ಗುಡ್ಡಗಾಡು ಸೈಕಲ್ಲಿನ ಚೌಕಟ್ಟು ಉಕ್ಕು, ಅಲ್ಯುಮಿನಿಯಂ ಅಥವಾ ಕಾರ್ಬನ್ ನಾರಿನದು. ಮುಂದಿನ ಫೋರ್ಕಿನಲ್ಲಿ ಮಾತ್ರ ಆಘಾತ ತಡೆಯುವ ವ್ಯವಸ್ಥೆ ಇದ್ದರೆ ಹಾರ್ಡ್‌ಟೇಲ್. ಹಿಂದೆಯೂ ಇದ್ದರೆ ಫುಲ್ ಸಸ್ಪೆನ್ಷನ್. ಚಕ್ರದ ಅಳತೆ ಹಿಂದೆ 26 ಇಂಚು ಇತ್ತು, ಈಗ 27.5 ಮತ್ತು 29 ಇಂಚು ರೂಢಿಯಲ್ಲಿವೆ. ಟಯರಿನ ಅಗಲ ಸಾಮಾನ್ಯವಾಗಿ 2 ಇಂಚಿಗಿಂತ ಹೆಚ್ಚು, ಮೈಮೇಲೆ ಮಣ್ಣು ಕಚ್ಚುವ ಗುಬುಟುಗಳು. ಗಾಳಿಯ ಒತ್ತಡ ರಸ್ತೆ ಸೈಕಲ್ಲಿಗಿಂತ ಬಹಳ ಕಡಿಮೆ. ಡಿಸ್ಕ್ ಬ್ರೇಕು, ಅಗಲ ಹ್ಯಾಂಡಲ್, ಏರಿಗೆ ನೆರವಾಗುವ ಸಣ್ಣ ಗೇರುಗಳು ಉಳಿದ ಲಕ್ಷಣಗಳು. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ 11 ಅಥವಾ 12 ಇರುವ ಜೋಡಣೆ ದುಬಾರಿ ಮಾದರಿಗಳಲ್ಲಿ ಹಳೆಯ ಮೂರು ಚಕ್ರಗಳ ಜೋಡಣೆಯನ್ನು ಬಹುಮಟ್ಟಿಗೆ ಹೊರದೂಡಿದೆ.

ಬೇಗೂರಿನ ನೆಲಕ್ಕೆ ಹಾರ್ಡ್‌ಟೇಲ್ ಸಾಕು. ಟ್ಯೂಬಿಲ್ಲದೆ ಒಳಗೆ ಮುಚ್ಚುದ್ರವ ತುಂಬಿದ ಟಯರು, ಸಣ್ಣ ತೂತುಗಳನ್ನು ತಾನೇ ಮುಚ್ಚುವುದರಿಂದ, ಮುಳ್ಳಿನ ನಾಡಿನಲ್ಲಿ ಹಣಕ್ಕೆ ತಕ್ಕ ಉಪಯೋಗ ಕೊಡುತ್ತದೆ.

ಪ್ರಕಾರಗಳು

ಸ್ಪರ್ಧೆಯಲ್ಲಿ ಏರು ಇಳಿತ ಎರಡೂ ಇರುವ ಸುತ್ತುಪಥದ ಓಟ ಕ್ರಾಸ್‌ಕಂಟ್ರಿ; ದೂರದ ಓಟ ಮ್ಯಾರಥಾನ್; ಕಡಿದಾದ ಇಳಿಜಾರಿನಲ್ಲಿ ಒಬ್ಬೊಬ್ಬರಾಗಿ ಇಳಿಯುವುದು ಡೌನ್‌ಹಿಲ್; ಇಳಿತಗಳಿಗೆ ಮಾತ್ರ ಸಮಯ ಲೆಕ್ಕ ಹಾಕುವುದು ಎಂಡ್ಯೂರೋ. ಒಲಿಂಪಿಕ್ಸಿನಲ್ಲಿರುವುದು ಕ್ರಾಸ್‌ಕಂಟ್ರಿ ಒಂದೇ. ಸ್ಪರ್ಧೆಯಿಲ್ಲದ ಸವಾರಿಗೆ ಟ್ರೇಲ್ ಎಂಬ ಹೆಸರಿದೆ, ಬೇಗೂರಿನ ಸವಾರಿ ಈ ಗುಂಪಿನದು. ಡೌನ್‌ಹಿಲ್‌ಗೆ ಬೇಕಾದ ಉದ್ದ ಇಳಿಜಾರು ಕಾಡಿನ ಹೊರಗೆ ಇಲ್ಲಿಲ್ಲ.

ಋತುಮಾನ ಮತ್ತು ನಿಸರ್ಗ

ವಯನಾಡು ಮತ್ತು ನೀಲಗಿರಿ ಬೆಟ್ಟಗಳ ಮಳೆನೆರಳಿನಲ್ಲಿರುವ ಈ ಪ್ರದೇಶಕ್ಕೆ ಮುಂಗಾರು ತುಂತುರಾಗಿ ಬರುತ್ತದೆ. ಜೋರು ಮಳೆ ಬೀಳುವುದು ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದು, ಪಶ್ಚಿಮದಿಂದ ಆಷಾಢದ ಗಾಳಿ ಬೀಸುತ್ತದೆ. ಬೆಳಿಗ್ಗೆ ಗಾಳಿಗೆದುರಾಗಿ ಪಶ್ಚಿಮಕ್ಕೆ ಹೊರಟು, ದಣಿದ ಮೇಲೆ ಗಾಳಿಯ ಜೊತೆ ಮರಳುವಂತೆ ದಾರಿ ಆರಿಸಿಕೊಳ್ಳುವುದು ಅನುಕೂಲ.

ಇದೇ ಅವಧಿ ಹೂವಿನ ಕಾಲವೂ ಹೌದು. ಗುಂಡ್ಲುಪೇಟೆ ತಾಲ್ಲೂಕಿನ ಸೂರ್ಯಕಾಂತಿ ಮತ್ತು ಚೆಂಡುಹೂವಿನ ಹೊಲಗಳು ಜುಲೈ ಹೊತ್ತಿಗೆ ಅರಳಿ, ಕೇರಳದಿಂದ ಬರುವ ಪ್ರವಾಸಿಗರನ್ನು ಹೆದ್ದಾರಿ ಬದಿಯಲ್ಲಿ ನಿಲ್ಲಿಸುತ್ತವೆ. ಚೆಂಡುಹೂವಿನ ಬಹುಭಾಗ ಬಣ್ಣ ತೆಗೆಯುವ ಕಾರ್ಖಾನೆಗಳಿಗಾಗಿ ಬೆಳೆಯುವಂಥದು, ಹಬ್ಬದ ಮಾಲೆಗಲ್ಲ. ಹೆದ್ದಾರಿಯಿಂದ ಕಾಣುವುದು ಹೊಲದ ಒಂದು ಅಂಚು. ಗಾಡಿದಾರಿಯಲ್ಲಿ ಸೈಕಲ್ ಸವಾರ ಹೊಲಗಳ ನಡುವಿನಿಂದಲೇ ಹಾಯುತ್ತಾನೆ. ಅರಿಶಿನ, ಈರುಳ್ಳಿ, ಬೆಳ್ಳುಳ್ಳಿ, ಬಾಳೆ, ಟೊಮೇಟೊ, ಹುರುಳಿ, ಜೋಳ ಇತರ ಬೆಳೆಗಳು. ಜನವರಿಯಿಂದ ಮಾರ್ಚ್‌ವರೆಗೆ ಕಿತ್ತ ಅರಿಶಿನವನ್ನು ಬೇಯಿಸಿ ಬಯಲಲ್ಲಿ ಹರವಿರುತ್ತಾರೆ, ದಾರಿಯುದ್ದಕ್ಕೂ ಅದರ ವಾಸನೆ. ಹರವಿದ ಬೆಳೆಯ ಮೇಲೆ ಸೈಕಲ್ ಹಾಯಿಸಬಾರದು ಎಂಬುದನ್ನು ಹೇಳಬೇಕಾಗಿ ಬರಬಾರದು, ಆದರೆ ಬರುತ್ತದೆ.

ದಾರಿಬದಿಯ ಮರಗಳು ಬೇವು, ಹುಣಸೆ, ಹೊಂಗೆ, ಆಲ. ಫೆಬ್ರವರಿ–ಮಾರ್ಚ್‌ನಲ್ಲಿ ಮುತ್ತುಗ ಎಲೆಯಿಲ್ಲದೆ ಕೆಂಪಾಗಿ ಹೂಬಿಡುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಕಕ್ಕೆಯ ಹಳದಿ ಗೊಂಚಲು. ಕುರುಚಲು ಗುಡ್ಡಗಳಲ್ಲಿ ಲಂಟಾನ ಹಬ್ಬಿ ಹಳೆಯ ಕಾಲುದಾರಿಗಳನ್ನು ಮುಚ್ಚಿದೆ. ನವಿಲು ಮತ್ತು ಗೌಜಲು ಹೊಲದಂಚಿನ ಹಕ್ಕಿಗಳು. ತಂತಿಯ ಮೇಲೆ ಕಳ್ಳಿಪೀರ ಮತ್ತು ನೀಲಕಂಠ, ಕೆರೆಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಗುಳುಮುಳುಕ. ಬಂಡೆಗಳ ಸಂದಿನಲ್ಲಿ ಉಡವಿದೆ, ಕೊಳಕುಮಂಡಲವೂ ಇದೆ. ಎಂಜಿನ್ನಿನ ಸದ್ದಿಲ್ಲದ ಕಾರಣ ಸೈಕಲ್ಲು ಬೈಕಿಗಿಂತ ಹತ್ತಿರಕ್ಕೆ ಹೋಗಬಲ್ಲದು. ಕಾಡುಪ್ರಾಣಿಗಳ ವಿಷಯದಲ್ಲಿ ಇದೇ ಅನುಕೂಲ ಅಪಾಯವಾಗುತ್ತದೆ.

ಕಾಡಿನ ಗಡಿ ಮತ್ತು ಕಾನೂನು

1941ರ ವೇಣುಗೋಪಾಲ ವನ್ಯಜೀವಿ ಉದ್ಯಾನದಿಂದ ಬೆಳೆದ ಬಂಡೀಪುರ 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ನೆಲೆಗಳಲ್ಲಿ ಒಂದಾಯಿತು. ಬೇಗೂರಿನ ಪಶ್ಚಿಮಕ್ಕೆ ಅದರ ಓಂಕಾರ ಮತ್ತು ಹೆಡಿಯಾಲ ವಲಯಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇಂಥ ಕಾಡಿನೊಳಕ್ಕೆ ಅನುಮತಿ ಇಲ್ಲದೆ ಹೋಗುವುದು ಅಪರಾಧ. ಕರ್ನಾಟಕ ಅರಣ್ಯ ಕಾಯ್ದೆ, 1963 ಮೀಸಲು ಅರಣ್ಯದಲ್ಲಿನ ಅತಿಕ್ರಮ ಪ್ರವೇಶವನ್ನು ನಿಷೇಧಿಸುತ್ತದೆ. ನಕ್ಷೆಯಲ್ಲಿ ಕಾಣುವ ಕಾಡಿನೊಳಗಿನ ಗೆರೆಗಳು ಅರಣ್ಯ ಇಲಾಖೆಯ ಗಸ್ತುದಾರಿ ಮತ್ತು ಬೆಂಕಿರೇಖೆಗಳು, ಸವಾರಿಯ ಜಾಡುಗಳಲ್ಲ. ಬಂಡೀಪುರದ ಸುತ್ತ 2012ರಲ್ಲಿ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಯಿತು. ಅದು ಕಟ್ಟಡ ಮತ್ತು ಗಣಿಗಾರಿಕೆಗಳ ನಿಯಂತ್ರಣಕ್ಕೆ ಸಂಬಂಧಿಸಿದ್ದು, ಊರದಾರಿಯ ಸೈಕಲ್ಲಿಗೆ ತಡೆಯಲ್ಲ.

ನೆಲದ ಮೇಲೆ ಈ ಗಡಿಯನ್ನು ಗುರುತಿಸುವುದು ಸುಲಭ. ಆನೆ ಕಂದಕ, ಸೌರ ಬೇಲಿ, ಹಳೆಯ ರೈಲುಕಂಬಿಗಳ ತಡೆಗೋಡೆ ಇವುಗಳಲ್ಲಿ ಯಾವುದಾದರೊಂದು ಕಂಡರೆ ದಾರಿ ಅಲ್ಲಿಗೆ ಮುಗಿಯಿತು. ಹೆದ್ದಾರಿ 766ರ ಬಂಡೀಪುರ ಭಾಗದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ವಾಹನ ಸಂಚಾರ ನಿಷೇಧ 2009ರಿಂದ ಇದೆ. ಗೋಪಾಲಸ್ವಾಮಿ ಬೆಟ್ಟದ ಮೇಲಕ್ಕೆ ಖಾಸಗಿ ವಾಹನಗಳನ್ನು ಬಿಡುವುದಿಲ್ಲ, ಬುಡದಿಂದ ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು. ಹಾಗಾಗಿ ತಾಲ್ಲೂಕಿನ ಅತ್ಯುತ್ತಮ ಏರು ಸೈಕಲ್ ಸವಾರರಿಗೆ ಸಿಗುವುದಿಲ್ಲ. ತೆರಕಣಾಂಬಿ ಕಡೆಯ ಹುಲುಗನಮುರಡಿ ವೆಂಕಟರಮಣಸ್ವಾಮಿ ಬೆಟ್ಟ ಪೂರ್ವದಿಕ್ಕಿನ ಸವಾರಿಗೆ ಒಳ್ಳೆಯ ಗುರುತು.

ಅಪಾಯ ಮತ್ತು ಎಚ್ಚರಿಕೆ

ಗಡಿ ಪ್ರಾಣಿಗಳಿಗೆ ಅನ್ವಯಿಸುವುದಿಲ್ಲ. ಆನೆಗಳು ರಾತ್ರಿ ಹೊಲಕ್ಕೆ ಇಳಿದು ನಸುಕಿನಲ್ಲಿ ಮರಳುತ್ತವೆ. ಚಿರತೆಗಳು ಕಾಡಿನ ಹೊರಗಿನ ಬಂಡೆಗುಡ್ಡಗಳಲ್ಲೇ ನೆಲೆಸುತ್ತವೆ, ಬಿಟ್ಟ ಕ್ವಾರಿಗಳಲ್ಲೂ. 2019ರಲ್ಲಿ ಗೋಪಾಲಸ್ವಾಮಿ ಬೆಟ್ಟ ವಲಯದಂಚಿನ ಚೌಡಹಳ್ಳಿ ಸುತ್ತ ಇಬ್ಬರನ್ನು ಕೊಂದ ಹುಲಿಯನ್ನು ಅಕ್ಟೋಬರಿನಲ್ಲಿ ಸೆರೆಹಿಡಿಯಲಾಯಿತು. ಬೇರೆಡೆ ಸೈಕಲ್ ಸವಾರರು ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ. ಇಲ್ಲಿ ಬಿಸಿಲೇರಿದ ಮೇಲೆ ಹೊರಟು, ಸಂಜೆ ಐದರೊಳಗೆ ಹೆದ್ದಾರಿ ಸೇರುವುದು ಸರಿ. ಆ ಊರಿನಲ್ಲಿ ಹಿಂದಿನ ರಾತ್ರಿ ಆನೆ ಬಂದಿತ್ತೇ ಎಂದು ಟೀ ಅಂಗಡಿಯಲ್ಲಿ ಕೇಳಿದರೆ ನಿಖರ ಉತ್ತರ ಸಿಗುತ್ತದೆ. ಹೊಲಗಳ ಸುತ್ತ ಅಕ್ರಮವಾಗಿ ಕರೆಂಟು ಹಾಯಿಸಿದ ತಂತಿ ಇರುವ ಸಂಭವವೂ ಇರುವುದರಿಂದ ಬೇಲಿ ದಾಟಬಾರದು.

ಫೆಬ್ರವರಿಯಿಂದ ಮೇ ವರೆಗೆ ಕಾಳ್ಗಿಚ್ಚಿನ ಕಾಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಬೆಂಕಿ ಸಾವಿರಾರು ಎಕರೆ ಸುಟ್ಟಿತು. ಈ ತಿಂಗಳುಗಳಲ್ಲಿ ಗಡಿಯ ಬಳಿ ಅಪರಿಚಿತರನ್ನು ಕಂಡರೆ ಅರಣ್ಯ ಸಿಬ್ಬಂದಿ ತಡೆದು ಕೇಳುವುದು ಸಹಜ. ಇನ್ನು ಸವಾರಿಯ ಒಟ್ಟು ಅಪಾಯದಲ್ಲಿ ಹುಲಿ ಆನೆಗಳಿಗಿಂತ ದೊಡ್ಡ ಪಾಲು ಹೆದ್ದಾರಿ 766ನ್ನು ಅಡ್ಡ ದಾಟುವುದರದು. ಕೇರಳಕ್ಕೆ ಹೋಗುವ ಲಾರಿ, ಬಸ್ಸು, ಕಾರುಗಳು ಅಲ್ಲಿ ವೇಗ ತಗ್ಗಿಸುವುದು ಅಪರೂಪ. ಹೆಲ್ಮೆಟ್, ಕೈಗವಸು, ಎರಡು ಬಾಟಲಿ ನೀರು ಕನಿಷ್ಠ ಸಿದ್ಧತೆ.

ಇಂದಿನ ಸ್ಥಿತಿ

ಬೇಗೂರು ಸುತ್ತಿನ ಸವಾರಿ ಇನ್ನೂ ಸಂಘಟಿತ ಕ್ರೀಡೆಯ ರೂಪ ಪಡೆದಿಲ್ಲ. ಬರುವವರಲ್ಲಿ ಹೆಚ್ಚಿನವರು ಮೈಸೂರು ಮತ್ತು ಬೆಂಗಳೂರಿನ ಸಣ್ಣ ಗುಂಪುಗಳು. 2017ರಲ್ಲಿ ಟ್ರಿಣ್ ಟ್ರಿಣ್ ಸಾರ್ವಜನಿಕ ಸೈಕಲ್ ಸೇವೆ ಆರಂಭಿಸಿದ ಮೈಸೂರು ಸೈಕಲ್ಲಿನ ಊರೆಂದೇ ಹೆಸರಾಗಿದೆ, ಅಲ್ಲಿಂದ ನಂಜನಗೂಡಿನವರೆಗೆ ರೈಲೂ ಇದೆ. ಜಾಡುಗಳ ಒಡೆತನದ ಪ್ರಶ್ನೆ ಬೆಂಗಳೂರಿನಲ್ಲಿ ಎದ್ದಂತೆ ಇಲ್ಲಿ ಎದ್ದಿಲ್ಲ. ತುರಹಳ್ಳಿಯಲ್ಲಿ 2021ರಲ್ಲಿ ವೃಕ್ಷೋದ್ಯಾನದ ಪ್ರಸ್ತಾವವನ್ನು ನಾಗರಿಕರು ವಿರೋಧಿಸಿದಾಗ ಅಲ್ಲಿನ ನಿತ್ಯದ ಸೈಕಲ್ ಸವಾರರೂ ಜೊತೆಗಿದ್ದರು. ಬೇಗೂರಿನ ದಾರಿಗಳಿಗೆ ದಿನವೂ ನಡೆಯುವ ರೈತರಿದ್ದಾರೆ. ದಾರಿ ಉಳಿಯುವುದೂ ಕಾಂಕ್ರೀಟ್ ಆಗುವುದೂ ಅವರ ಅಗತ್ಯಕ್ಕೆ ತಕ್ಕಂತೆ. ಹೊಲಕ್ಕೆ ಲಾರಿ ಬರಲೆಂದು ಹಲವು ಗಾಡಿದಾರಿಗಳು ಈಗಾಗಲೇ ಅಗಲವಾಗಿವೆ.

ರಿಪೇರಿಗೆ ಬೇಕಾದ ಡಿಸ್ಕ್ ಪ್ಯಾಡು, ಗೇರಿನ ಬಿಡಿಭಾಗ, ಮುಚ್ಚುದ್ರವಗಳಿಗೆ ಮೈಸೂರನ್ನೇ ನಂಬಬೇಕು. ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಗಳ ಕಂಪ್ರೆಸರ್ ಬೈಕಿನ ಟ್ಯೂಬಿನಂಥ ದಪ್ಪ ವಾಲ್ವಿಗೆ ಗಾಳಿ ತುಂಬುತ್ತದೆ. ದುಬಾರಿ ಸೈಕಲ್ಲುಗಳ ತೆಳು ಪ್ರೆಸ್ಟಾ ವಾಲ್ವಿಗೆ ಕೊಳವೆ ಹೊಂದಿಸುವ ಸಣ್ಣ ಹಿತ್ತಾಳೆಯ ಅಡಾಪ್ಟರನ್ನು ಸವಾರನೇ ಜೇಬಿನಲ್ಲಿಟ್ಟುಕೊಂಡಿರಬೇಕು.